ಕೈ ಎತ್ತದವರ ಉತ್ತರ

ಶಿಕಾರಿಪುರದ ಅಥವಾ ಸೊರಬದ ಪದವಿ ಕಾಲೇಜೊಂದರ ಬಿ.ಎಸ್ಸಿ. ತರಗತಿಯನ್ನು ಕಲ್ಪಿಸಿಕೊಳ್ಳಿ. ಉಪನ್ಯಾಸಕರು ನ್ಯೂಟನ್ನನ ಮೊದಲ ನಿಯಮವನ್ನು ವಿವರಿಸಿ, "ಅರ್ಥವಾಯಿತೇ?" ಎಂದು ಕೇಳುತ್ತಾರೆ. ಮುಂದಿನ ಬೆಂಚಿನ ಇಬ್ಬರು ತಲೆಯಾಡಿಸುತ್ತಾರೆ. ಉಳಿದವರದು ಮೌನ. ಅವರಲ್ಲಿ ಹಲವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ತಪ್ಪು ಹೇಳಿ ನಗೆಪಾಟಲಾಗುವ ಅಳುಕು ಅವರಿಗೆ. ಆ ಮೌನವನ್ನು ಒಪ್ಪಿಗೆಯೆಂದು ಭಾವಿಸಿ ಪಾಠ ಮುಂದೆ ಸಾಗುತ್ತದೆ. ತಪ್ಪು ಬಯಲಾಗುವುದು ಪರೀಕ್ಷೆಯಲ್ಲಿ, ತಿದ್ದುವ ಕಾಲ ಮುಗಿದ ಮೇಲೆ.

ಈ ಮೌನವನ್ನು ಮುರಿಯಲು ಬಂದ ಸಾಧನವೇ 'ಕ್ಲಿಕರ್'.

ಕ್ಲಿಕರ್ ಹೇಗೆ ಕೆಲಸ ಮಾಡುತ್ತದೆ?

ಇದು ಟಿವಿಯ ರಿಮೋಟನ್ನು ಹೋಲುವ ಪುಟ್ಟ ಸಾಧನ. ಪ್ರಶ್ನೆಯೊಂದಕ್ಕೆ ನಾಲ್ಕು ಆಯ್ಕೆಗಳನ್ನು ಕೊಟ್ಟಾಗ ಪ್ರತಿ ವಿದ್ಯಾರ್ಥಿಯೂ ಒಂದು ಗುಂಡಿ ಒತ್ತುತ್ತಾನೆ. ಆಗ ಸಾಧನದ ಗುರುತು ಸಂಖ್ಯೆ ಮತ್ತು ಉತ್ತರ ಎರಡೂ ಅವಕೆಂಪು ಕಿರಣ ಅಥವಾ ರೇಡಿಯೋ ತರಂಗದ ಮೂಲಕ ಕಂಪ್ಯೂಟರಿಗೆ ಜೋಡಿಸಿದ ಗ್ರಾಹಕವನ್ನು ತಲಪುತ್ತವೆ. ಕ್ಷಣದಲ್ಲೇ ಪರದೆಯ ಮೇಲೆ ಸ್ತಂಭಾಲೇಖ ಮೂಡುತ್ತದೆ. ಯಾರ ಉತ್ತರ ಯಾವುದೆಂದು ಸಹಪಾಠಿಗಳಿಗೆ ತಿಳಿಯುವುದಿಲ್ಲ.

ಪ್ರಶ್ನೆಯೇ ಮುಖ್ಯ

ಒಂದು ಉದಾಹರಣೆ ನೋಡೋಣ. ಶಿಕಾರಿಪುರದಿಂದ ಸೊರಬಕ್ಕೆ ಹೊರಟ ಬಸ್ಸು ನೇರ ರಸ್ತೆಯಲ್ಲಿ ಏಕರೂಪ ವೇಗದಿಂದ ಸಾಗುತ್ತಿದೆ. ಒಳಗೆ ಕುಳಿತ ಹುಡುಗಿ ಚೆಂಡನ್ನು ನೇರ ಮೇಲಕ್ಕೆ ಎಸೆಯುತ್ತಾಳೆ. ಅದು ಎಲ್ಲಿ ಬೀಳುತ್ತದೆ?

ಅ) ಅವಳ ಹಿಂದೆ
ಆ) ಅವಳ ಕೈಗೇ
ಇ) ಅವಳ ಮುಂದೆ
ಈ) ಬಸ್ಸಿನ ವೇಗ ತಿಳಿಯದೆ ಹೇಳಲಾಗದು

ಸರಿಯುತ್ತರ 'ಆ'. ಚೆಂಡಿಗೆ ಬಸ್ಸಿನ ವೇಗ ಮೊದಲೇ ಇತ್ತು; ಮೇಲೆ ಹೋದಾಗಲೂ ಆ ವೇಗ ಉಳಿಯುತ್ತದೆ. 'ಅ' ಎಂದವರು, ಕೈಬಿಟ್ಟ ಕೂಡಲೇ ಚೆಂಡಿನ ಮುನ್ನಡೆ ನಿಲ್ಲುತ್ತದೆಂದು ನಂಬಿದ್ದಾರೆ. 'ಈ' ಎಂದವರಿಗೆ ಬಸ್ಸಿನ ವೇಗ ಇಲ್ಲಿ ಅಪ್ರಸ್ತುತವೆಂಬುದು ಹೊಳೆದಿಲ್ಲ. ಹೀಗೆ ಪ್ರತಿ ತಪ್ಪು ಆಯ್ಕೆಯೂ ಒಂದೊಂದು ತಪ್ಪು ತಿಳಿವಳಿಕೆಯನ್ನು ಹಿಡಿದು ತೋರಿಸಬೇಕು.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎರಿಕ್ ಮಜೂರ್ ಇಂಥ ಪ್ರಶ್ನೆಗಳನ್ನು ಆಧರಿಸಿ 1991ರಲ್ಲಿ ಹೊಸ ಬೋಧನಾ ಕ್ರಮವನ್ನು ಆರಂಭಿಸಿದರು. ಕಠಿಣ ಲೆಕ್ಕಗಳನ್ನು ಬಿಡಿಸುವ ತಮ್ಮ ವಿದ್ಯಾರ್ಥಿಗಳೇ ಸರಳ ಪರಿಕಲ್ಪನೆಗಳಲ್ಲಿ ಎಡವುವುದನ್ನು ಅವರು ಕಂಡಿದ್ದರು. ಅವರ ಕ್ರಮದಲ್ಲಿ ಸರಿಯುತ್ತರ ಕೊಟ್ಟವರು ಶೇ. 30ಕ್ಕಿಂತ ಕಡಿಮೆಯಿದ್ದರೆ ಪಾಠವನ್ನು ಮತ್ತೆ ವಿವರಿಸಬೇಕು, ಶೇ. 70ಕ್ಕಿಂತ ಹೆಚ್ಚಿದ್ದರೆ ಚುಟುಕಾಗಿ ಹೇಳಿ ಮುಂದುವರಿಯಬಹುದು. ಇವೆರಡರ ನಡುವೆ ಇದ್ದರೆ ಉತ್ತರ ಹೇಳದೆ, ವಿದ್ಯಾರ್ಥಿಗಳು ಪಕ್ಕದವರೊಡನೆ ಚರ್ಚಿಸಲು ಬಿಟ್ಟು, ಮತ್ತೊಮ್ಮೆ ಉತ್ತರ ಪಡೆಯಬೇಕು. ಈಗಷ್ಟೇ ಅರ್ಥ ಮಾಡಿಕೊಂಡವನಿಗೆ ಗೆಳೆಯನ ತೊಡಕು ಎಲ್ಲಿದೆಯೆಂದು ಗುರುವಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪಠ್ಯ ಇಂಗ್ಲಿಷಿನಲ್ಲಿದ್ದರೂ ಈ ಚರ್ಚೆ ಕನ್ನಡದಲ್ಲೇ ನಡೆಯಬಹುದು.

ಕಾಗದದ ಕ್ಲಿಕರ್

ತರಗತಿಗೆಲ್ಲ ಕ್ಲಿಕರ್ ಕೊಳ್ಳುವುದು ದುಬಾರಿ. ಇದಕ್ಕೊಂದು ಪರಿಹಾರ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡಿತು. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರು 2012ರಲ್ಲಿ 'ಕ್ಯೂಕಾರ್ಡ್' ಎಂಬ ಕಾಗದದ ಹಾಳೆಯನ್ನು ಪರಿಚಯಿಸಿದರು. ಪ್ರತಿ ಹಾಳೆಯ ಮೇಲೂ ಬೇರೆ ಬೇರೆ ಸಂಕೇತಚಿತ್ರ ಮುದ್ರಿಸಲಾಗಿರುತ್ತದೆ. ವಿದ್ಯಾರ್ಥಿ ಹಾಳೆಯ ಯಾವ ಅಂಚನ್ನು ಮೇಲಕ್ಕೆ ಹಿಡಿಯುತ್ತಾನೋ ಅದೇ ಅವನ ಉತ್ತರ. ಒಂದು ವೆಬ್‌ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್ ಇಡೀ ತರಗತಿಯನ್ನು ಓದಿ ಲೆಕ್ಕ ಹಾಕುತ್ತವೆ. ಬೆಂಗಳೂರಿನ ಪ್ರೌಢಶಾಲೆಯೊಂದರ 25 ವಿದ್ಯಾರ್ಥಿಗಳೊಡನೆ ನಡೆಸಿದ ಪ್ರಯೋಗದಲ್ಲಿ ಗುರುತಿಸುವಿಕೆಯ ನಿಖರತೆ ಶೇ. 99.8ರಷ್ಟಿತ್ತು, ಶೇ. 97ರಷ್ಟು ಉತ್ತರಗಳು 10 ಸೆಕೆಂಡಿನೊಳಗೆ ದಾಖಲಾದವು. ಇದೇ ತತ್ತ್ವದ 'ಪ್ಲಿಕರ್ಸ್' ತಂತ್ರಾಂಶಕ್ಕೆ ಶಿಕ್ಷಕರ ಕೈಯಲ್ಲಿರುವ ಒಂದು ಮೊಬೈಲ್ ಸಾಕು. ವಿದ್ಯಾರ್ಥಿಗಳಿಗೆ ಫೋನ್ ಬೇಕಿಲ್ಲ.

ಯಂತ್ರವಿಲ್ಲದೆಯೂ?

ಕೆನಡಾದಲ್ಲಿ ಕ್ಲಿಕರ್ ಬಳಸಿದ ತರಗತಿಯನ್ನೂ ಬರಿಯ ರಟ್ಟಿನ ಕಾರ್ಡು ಬಳಸಿದ ತರಗತಿಯನ್ನೂ ಹೋಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಲಿಕೆಯ ಮಟ್ಟದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಲಿಸುವುದು ಪ್ರಶ್ನೆ ಮತ್ತು ಚರ್ಚೆ. ಯಂತ್ರದ ಕೆಲಸ ಎಣಿಕೆ ಮಾತ್ರ.

ಹಾಗಾಗಿ ಅನುದಾನಕ್ಕೆ ಕಾಯಬೇಕಾಗಿಲ್ಲ. ಅ, ಆ, ಇ, ಈ ಎಂದು ಬರೆದ ನಾಲ್ಕು ರಟ್ಟಿನ ತುಂಡುಗಳನ್ನು ಪ್ರತಿ ವಿದ್ಯಾರ್ಥಿಗೂ ಕೊಡಿ. ಪಕ್ಕದವರನ್ನು ನೋಡಿ ಬದಲಿಸದಂತೆ, ಎಲ್ಲರೂ ಒಮ್ಮೆಲೇ ಎದೆಯ ಮಟ್ಟಕ್ಕೆ ಹಿಡಿಯಲಿ. ನಾಳೆಯ ಪಾಠಕ್ಕೆ ಒಂದೇ ಒಂದು ಒಳ್ಳೆಯ ಪ್ರಶ್ನೆಯಿಂದ ಆರಂಭಿಸಿ ನೋಡಿ. ಹಿಂದಿನ ಬೆಂಚಿನವರ ಮನಸ್ಸಿನಲ್ಲಿ ಏನಿದೆಯೆಂಬುದು ಪರೀಕ್ಷೆಗೆ ಮೊದಲೇ ನಿಮಗೆ ತಿಳಿಯುತ್ತದೆ.