ಪಂಜರದ ಕಪಿಗಳೂ ಅವುಗಳ ಆರೋಗ್ಯವೂ

೧೯೨೫ನೆಯ ಇಸವಿಯಲ್ಲಿ ಲಂಡನ್ ನಗರದ ಮೃಗಾಲಯದವರು ಒಂದು ಹೊಸ ಏರ್ಪಾಟನ್ನು ಮಾಡಿದರು. ಸುಮಾರು ೧೦೦ ಅಡಿ ಉದ್ದವೂ ೬೦ ಅಡಿ ಅಗಲವೂ ಉಳ್ಳ ಸ್ಥಳದಲ್ಲಿ ಕೃತಕವಾದ ಒಂದು ಬಂಡೆಗುಡ್ಡವನ್ನು ಕಟ್ಟಿ, ಸರಳುಗಳನ್ನು ತೆಗೆದುಹಾಕಿ, ಅದರ ಮೇಲೆ ಹಮದ್ರಿಯಾಸ್ ಎಂಬ ಜಾತಿಯ ಸುಮಾರು ನೂರು ಬಬೂನ್ ಕಪಿಗಳನ್ನು ಬಿಟ್ಟರು. ಪ್ರಾಚೀನ ಈಜಿಪ್ಟಿನವರು ವಿದ್ಯಾಧಿದೇವತೆಯಾದ ಥೋತನ ರೂಪವೆಂದು ಪೂಜಿಸುತ್ತಿದ್ದ ಕಪಿಯು ಇದೇ. ಗಂಡಿಗೆ ಹೆಗಲ ಮೇಲೆ ಬೂದುಬಣ್ಣದ ದಟ್ಟವಾದ ಕೇಸರವಿರುವುದು. ತೂಕದಲ್ಲಿ ಅದು ಹೆಣ್ಣಿನ ಹೆಚ್ಚುಕಡಿಮೆ ಇಮ್ಮಡಿ. ಗಂಡುಗಳನ್ನು ಮಾತ್ರವೇ ತರಿಸಬೇಕೆಂಬುದು ಅಧಿಕಾರಿಗಳ ಉದ್ದೇಶವಾಗಿದ್ದಿತು. ಆದರೆ ಬಂದ ಹಿಂಡಿನಲ್ಲಿ ಆರು ಹೆಣ್ಣುಗಳೂ ಸೇರಿಹೋಗಿದ್ದುವು. ಆಹಾರಕ್ಕೆ ಕೊರತೆಯಿರಲಿಲ್ಲ, ಹುಲಿ ಚಿರತೆಗಳ ಭಯವಿರಲಿಲ್ಲ, ಬೇಲಿಯಾಚೆ ನೋಡುವ ಜನರಿಗೂ ಕಡಿಮೆಯಿರಲಿಲ್ಲ.

ಮುಂದೆ ನಡೆದುದು ಬೇರೆ. ಎರಡು ವರ್ಷಗಳೊಳಗೆ ಹಿಂಡಿನ ಅನೇಕ ಕಪಿಗಳು ಕಾದಾಟದಿಂದಲೂ ಕಾಯಿಲೆಯಿಂದಲೂ ಸತ್ತುವು. ಹೆಣ್ಣುಗಳ ಸಂಖ್ಯೆಯು ಹೆಚ್ಚಿದರೆ ಜಗಳವು ಅಡಗೀತೆಂದು ಬಗೆದು ೧೯೨೭ರಲ್ಲಿ ಮೂವತ್ತು ಹೆಣ್ಣುಗಳನ್ನು ತಂದು ಅದೇ ಗುಡ್ಡದ ಮೇಲೆ ಬಿಟ್ಟರು. ಒಂದು ತಿಂಗಳೊಳಗಾಗಿ ಅವುಗಳಲ್ಲಿ ಹದಿನೈದು ಹತವಾದುವು. ಗಂಡುಗಳು ಅವುಗಳಿಗಾಗಿ ಹೋರಾಡಿ, ಒಂದು ಕಡೆಯಿಂದ ಒಂದೂ ಇನ್ನೊಂದು ಕಡೆಯಿಂದ ಇನ್ನೊಂದೂ ಹಿಡಿದೆಳೆದು ಅವನ್ನು ಸೀಳಿದುವು. ಈ ಕೆಲವು ವರ್ಷಗಳಲ್ಲಿ ಸತ್ತ ೩೩ ಹೆಣ್ಣುಗಳಲ್ಲಿ ೩೦ ಕಾದಾಟದಲ್ಲಿ ಸತ್ತವು. ಗಂಡುಗಳ ಸಂಗತಿಯು ಇದಕ್ಕೆ ವಿಪರೀತ: ಅವುಗಳಲ್ಲಿ ಬಹುಪಾಲು ಸತ್ತುದು ಗಾಯದಿಂದಲ್ಲ, ರೋಗದಿಂದ. ಹುಟ್ಟಿದ ಮರಿಗಳಲ್ಲಿ ಬದುಕಿದುವು ತೀರ ವಿರಳ.

ಆ ಮೃಗಾಲಯದ ಅಂಗರಚನಾಶಾಸ್ತ್ರಜ್ಞನಾಗಿದ್ದ ಸೋಲಿ ಜುಕರ್‌ಮನ್ ಎಂಬ ಯುವಕ ವಿದ್ವಾಂಸನು ಇದನ್ನೆಲ್ಲ ಕಂಡು ಬರೆದಿಟ್ಟು, ೧೯೩೨ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಕಾಮವೇ ಕಪಿಸಮಾಜದ ಮೂಲಬಂಧನವೆಂಬುದು ಅವನ ಸಿದ್ಧಾಂತ. ಓದಿದವರು ಅದನ್ನು ಕಪಿಕುಲದ ಸ್ವಭಾವವೆಂದೇ ತಿಳಿದರು; ಕೆಲವರು ಮನುಷ್ಯನ ಸ್ವಭಾವವನ್ನೂ ಅದರಿಂದಲೇ ಅಳೆಯಲು ಹೊರಟರು. ಸೆರೆಮನೆಯ ದೊಂಬಿಯೊಂದನ್ನು ನೋಡಿ ಒಂದು ಜನಾಂಗದ ಶೀಲವನ್ನು ನಿರ್ಣಯಿಸಿದಂತೆ ಇದಾಯಿತೆಂದು ನಮಗೆ ತೋರುತ್ತದೆ.

ಈ ತಪ್ಪು ತಿಳುವಳಿಕೆಯು ತಿದ್ದಲ್ಪಡಲು ಮೂವತ್ತು ವರ್ಷಗಳು ಹಿಡಿದುವು. ಸ್ವಿಟ್ಜರ್‌ಲೆಂಡಿನ ಹಾನ್ಸ್ ಕುಮ್ಮರ್ ಎಂಬಾತನು ೧೯೬೦ರ ದಶಕದಲ್ಲಿ ಇಥಿಯೋಪಿಯದ ಒಣನಾಡಿಗೆ ಹೋಗಿ, ಕಾಡಿನಲ್ಲಿ ಸ್ವತಂತ್ರವಾಗಿರುವ ಇದೇ ಜಾತಿಯ ಕಪಿಗಳ ಹಿಂದೆ ದಿನವೂ ಅನೇಕ ಮೈಲಿ ನಡೆದು ನೋಡಿದನು. ಅಲ್ಲಿ ಒಂದೊಂದು ಗಂಡಿಗೂ ಕೆಲವು ಹೆಣ್ಣುಗಳು ಸೇರಿ ಒಂದೊಂದು ಸಂಸಾರ; ಹಲವು ಸಂಸಾರಗಳು ಕೂಡಿ ಒಂದು ತಂಡ; ರಾತ್ರಿ ಬಂಡೆಗಳ ಮೇಲೆ ನೂರಾರು ಕಪಿಗಳು ಒಟ್ಟಿಗೆ ಮಲಗಿದರೂ ಲಂಡನ್ನಿನ ಕೊಲೆಯು ಅಲ್ಲಿಲ್ಲ. ಪರಸ್ಪರ ಪರಿಚಯವುಳ್ಳ ಗಂಡುಗಳಲ್ಲಿ, ಒಂದು ಹೆಣ್ಣು ಇಂಥವನ ಸಂಗಾತಿಯೆಂದು ಕಂಡಮೇಲೆ, ಬಲಶಾಲಿಯಾದವನೂ ಅದರ ಗೊಡವೆಗೆ ಹೋಗುವುದಿಲ್ಲವೆಂಬುದನ್ನು ಅವನೂ ಅವನ ಸಂಗಡಿಗರೂ ಪ್ರಯೋಗದಿಂದ ತೋರಿಸಿದರು. ಲಂಡನ್ನಿನ ಗುಡ್ಡಕ್ಕೆ ತಂದ ಕಪಿಗಳಾದರೋ ಒಂದಕ್ಕೊಂದು ಗುರುತಿಲ್ಲದವು. ಸಂಸಾರವಿಲ್ಲ, ತಂಡವಿಲ್ಲ, ಸೋತವನು ಓಡಿಹೋಗಲು ಎಡೆಯಿಲ್ಲ. ಸುಗ್ರೀವನು ವಾಲಿಗೆ ಹೆದರಿದಾಗ ಅವನಿಗೆ ಋಷ್ಯಮೂಕವಾದರೂ ಇದ್ದಿತು. ಎಕರೆಯ ಏಳನೆಯ ಒಂದು ಪಾಲಿನಷ್ಟು ಜಾಗದಲ್ಲಿ ಅಂಥ ಪರ್ವತವೆಲ್ಲಿಂದ ಬರಬೇಕು?

ಗಾಯವೆಂಬುದು ಕಣ್ಣಿಗೆ ಕಾಣುವುದು. ಕಾಣದಿರುವ ಕೇಡೇ ದೊಡ್ಡದು. ಕೀನ್ಯ ದೇಶದಲ್ಲಿ ಕಾಡಿನಿಂದ ಹಿಡಿದು ತಂದು ಗುಂಪುಗುಂಪಾಗಿ ಪಂಜರದಲ್ಲಿಟ್ಟಿದ್ದ ವರ್ವೆಟ್ ಎಂಬ ಕಪಿಗಳಲ್ಲಿ ಕೆಲವು ೧೯೮೦ರ ದಶಕದಲ್ಲಿ ತಾವಾಗಿಯೇ ಸತ್ತುವು. ಶವಪರೀಕ್ಷೆಯನ್ನು ಮಾಡಿದವರಿಗೆ ಅವುಗಳ ಜಠರದಲ್ಲಿ ಹುಣ್ಣುಗಳೂ, ಮೂತ್ರಪಿಂಡಗಳ ಮೇಲಣ ಅಡ್ರಿನಲ್ ಗ್ರಂಥಿಗಳಲ್ಲಿ ಅತಿಬೆಳವಣಿಗೆಯೂ, ಮೆದುಳಿನಲ್ಲಿ ಸ್ಮರಣಶಕ್ತಿಗೆ ಆಶ್ರಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ನರಕೋಶಗಳ ನಾಶವೂ ಕಂಡುಬಂದುವು. ಅವು ಗುಂಪಿನಲ್ಲಿ ಕೆಳಗಿನ ಅಂತಸ್ತಿನವು. ಮೈಮೇಲೆ ಕಡಿತದ ಗುರುತುಗಳಿದ್ದುವು. ೧೯೮೯ರಲ್ಲಿ ಪ್ರಕಟವಾದ ಈ ವರದಿಯ ತಾತ್ಪರ್ಯವನ್ನು ಸಾಮಾನ್ಯ ಮಾತಿನಲ್ಲಿ ಹೇಳುವುದಾದರೆ, ನಿತ್ಯವೂ ಹೆದರಿ ಬದುಕುವ ಪ್ರಾಣಿಯ ಶರೀರವು ತನ್ನ ಒಳಗಿನ ರಸಗಳಿಂದಲೇ ತನ್ನನ್ನು ತಿಂದುಕೊಳ್ಳುತ್ತದೆ. ಅಪಾಯವೊದಗಿದಾಗ ಅಡ್ರಿನಲ್ ಗ್ರಂಥಿಯಿಂದ ಹೊರಡುವ ಕಾರ್ಟಿಸಾಲ್ ಎಂಬ ದ್ರವ್ಯವು ಕ್ಷಣಕಾಲಕ್ಕೆ ರಕ್ಷಕವಾದುದು. ತಿಂಗಳುಗಟ್ಟಲೆ ಹರಿದರೆ ಅದೇ ಭಕ್ಷಕವಾಗುವುದು.

ಕೆಳಗಿರುವವನಿಗೆ ಮಾತ್ರವೇ ಈ ಕಷ್ಟವೆಂದು ಭಾವಿಸಬಾರದು. ಅಮೆರಿಕದ ಉತ್ತರ ಕೆರೋಲಿನದಲ್ಲಿ ಜೇ ಕ್ಯಾಪ್ಲನ್ ಮೊದಲಾದವರು ಉದ್ದ ಬಾಲದ ಮಕಾಕ್ ಜಾತಿಯ ಗಂಡುಕಪಿಗಳನ್ನು ಐದೈದರ ಗುಂಪುಗಳಾಗಿ ವಿಂಗಡಿಸಿ, ಕೆಲವು ಗುಂಪುಗಳನ್ನು ಇದ್ದಂತೆಯೇ ಬಿಟ್ಟು, ಮಿಕ್ಕವನ್ನು ಆಗಾಗ್ಗೆ ಒಡೆದು ಹೊಸ ಸಂಗಡಿಗರೊಡನೆ ಸೇರಿಸುತ್ತ ಬಂದರು. ಎಲ್ಲಕ್ಕೂ ಆಹಾರವು ಒಂದೇ. ೨೨ ತಿಂಗಳಾದಮೇಲೆ ಹೃದಯದ ರಕ್ತನಾಳಗಳನ್ನು ಪರೀಕ್ಷಿಸಿದಾಗ, ಒಡೆದು ಕೂಡಿಸಿದ ಗುಂಪುಗಳಲ್ಲಿ ಯಜಮಾನಿಕೆಯನ್ನು ನಡೆಸುತ್ತಿದ್ದ ಕಪಿಗಳಿಗೇ ಕೊಬ್ಬು ಕಟ್ಟುವ ರೋಗವು ಹೆಚ್ಚಾಗಿದ್ದಿತು. ರಕ್ತದ ಒತ್ತಡದಿಂದಾಗಲಿ ಕೊಲೆಸ್ಟರಾಲಿನಿಂದಾಗಲಿ ಈ ವ್ಯತ್ಯಾಸವನ್ನು ವಿವರಿಸಲಾಗಲಿಲ್ಲ. ೧೯೮೨ರ ಈ ಫಲವು ನಮ್ಮನ್ನು ಆಲೋಚನೆಗೆ ಹಚ್ಚತಕ್ಕುದು: ಸ್ಥಿರವಾದ ಗುಂಪಿನ ಯಜಮಾನನು ಸುಖಿ, ದಿನಕ್ಕೊಮ್ಮೆ ತನ್ನ ಗದ್ದುಗೆಯನ್ನು ಕಾಯಬೇಕಾದವನು ರೋಗಿ. ಆಗಾಗ್ಗೆ ವರ್ಗವಾಗುವ ನಮ್ಮ ಅಮಲ್ದಾರ ಮಿತ್ರರು ಇದನ್ನೋದಿ ನಕ್ಕರೆ ನಾವು ಆಕ್ಷೇಪಿಸುವುದಿಲ್ಲ. ಹೆಣ್ಣುಕಪಿಗಳಲ್ಲಿ ಇದಕ್ಕೆ ಬೇರೆಯಾಗಿ, ಅಧೀನವಾಗಿದ್ದವಕ್ಕೇ ರಕ್ತನಾಳಗಳ ರೋಗವು ಹೆಚ್ಚು.

ಇಲ್ಲಿ ಒಂದು ಪ್ರಶ್ನೆಯು ಸಹಜವಾದುದು. ಕೆಳಗಿರುವುದರಿಂದ ಕಪಿಗೆ ರೋಗ ಬಂದಿತೋ, ಮೊದಲೇ ದುರ್ಬಲವಾದುದರಿಂದ ಅದು ಕೆಳಗಿಳಿಯಿತೋ? ಜೆನ್ನಿ ಟಂಗ್, ನೋವ ಸ್ನೈಡರ್-ಮ್ಯಾಕ್ಲರ್ ಮುಂತಾದವರು, ಆಗ ಯರ್ಕೀಸ್ ಎಂಬ ಹೆಸರಿನಿಂದಿದ್ದ ಅಟ್ಲಾಂಟದ ಕಪಿಸಂಶೋಧನಾಲಯದಲ್ಲಿ ಇದಕ್ಕೆ ಉತ್ತರವನ್ನು ಹುಡುಕಿದರು. ನಲವತ್ತೈದು ಹೆಣ್ಣು ರೀಸಸ್ ಕಪಿಗಳನ್ನು ಐದೈದರಂತೆ ಒಂದೊಂದಾಗಿ ಹೊಸ ಗುಂಪುಗಳಿಗೆ ಸೇರಿಸಿದರು. ಮೊದಲು ಬಂದುದು ಸಾಮಾನ್ಯವಾಗಿ ಮೇಲಾಗುವುದು, ಕಡೆಗೆ ಬಂದುದು ಕೆಳಗಾಗುವುದು. ಅಂದರೆ ಅಂತಸ್ತನ್ನು ಕೊಟ್ಟವರು ಪ್ರಯೋಗಕರ್ತರೇ. ಕೆಳಗಿನ ಕಪಿಗಳ ರಕ್ತದ ಬಿಳಿಯ ಕಣಗಳಲ್ಲಿ, ಉರಿಯೂತಕ್ಕೆ ಸಂಬಂಧಿಸಿದ ಜೀನುಗಳ ಕೆಲಸವು ಹೆಚ್ಚಾಗಿದ್ದಿತು. ಬಳಿಕ ಗುಂಪುಗಳನ್ನು ಅದಲುಬದಲು ಮಾಡಿ ಅಂತಸ್ತನ್ನು ಬದಲಿಸಿದಾಗ ಆ ಲಕ್ಷಣಗಳೂ ಅದರೊಡನೆಯೇ ಬದಲಿಸಿದುವು. ೨೦೧೬ರಲ್ಲಿ ಪ್ರಕಟವಾದ ಈ ಸಂಶೋಧನೆಯಲ್ಲಿ ಭರವಸೆಗೆ ಎಡೆಯಿದೆ.

ಹಾಗಾದರೆ ಒಂಟಿಯಾಗಿಟ್ಟರೆ ಕ್ಷೇಮವಲ್ಲವೆ ಎಂದರೆ, ಅದು ಇನ್ನೂ ಕೆಟ್ಟುದು. ವಿಸ್ಕಾನ್ಸಿನ್ನಿನ ಹ್ಯಾರಿ ಹಾರ್ಲೋ ೧೯೫೦-೬೦ರ ದಶಕಗಳಲ್ಲಿ ಮರಿಗಳನ್ನು ತಾಯಿಯಿಂದ ಅಗಲಿಸಿ ಬೆಳೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ, ಕ್ರೂರವೂ ಆಗಿವೆ. ಆರು ತಿಂಗಳು, ವರ್ಷ, ಯಾರ ಮುಖವನ್ನೂ ಕಾಣದೆ ಬೆಳೆದ ಮರಿಯು ತನ್ನನ್ನು ತಾನೇ ಅಪ್ಪಿಕೊಂಡು ತೂಗಾಡುತ್ತ, ತನ್ನ ತೋಳನ್ನೇ ಕಚ್ಚಿಕೊಳ್ಳುತ್ತ ಕೂಡುತ್ತಿದ್ದಿತು. ಅದೇ ವಿಸ್ಕಾನ್ಸಿನ್ನಿನಲ್ಲಿ ವಿಕ್ಟರ್ ರೈನ್‌ಹಾರ್ಟ್ ಎಂಬ ಪಶುವೈದ್ಯನು ೧೯೮೦ರ ದಶಕದಲ್ಲಿ ಒಂಟಿಪಂಜರದ ಕಪಿಗಳನ್ನು ಜೋಡಿ ಮಾಡತೊಡಗಿದನು. ಅವನ ಕ್ರಮವು ಸರಳ: ಮೊದಲು ಕಂಬಿಯ ಅಡ್ಡಗೋಡೆಯ ಎರಡು ಕಡೆಗಳಲ್ಲಿ ಎರಡನ್ನೂ ಇಟ್ಟು, ಇಂಥದು ಮೇಲು ಇಂಥದು ಕೆಳಗೆಂದು ಅವು ಕಡಿದಾಡದೆಯೇ ತೀರ್ಮಾನಿಸಿಕೊಂಡಮೇಲೆ ಒಂದುಗೂಡಿಸುವುದು. ಜಗಳವು ಬಹುಮಟ್ಟಿಗೆ ತಪ್ಪಿಹೋಯಿತು. ಪ್ರಯೋಗಾಲಯದ ಕಪಿಗಳ ಮನಃಸ್ವಾಸ್ಥ್ಯವನ್ನೂ ನೋಡಿಕೊಳ್ಳತಕ್ಕುದೆಂದು ಅಮೆರಿಕದ ಶಾಸನಸಭೆಯು ೧೯೮೫ರಲ್ಲಿ ಕಾನೂನನ್ನೇ ತಿದ್ದಿತು.

ಈ ಪ್ರಯೋಗಾಲಯಗಳನ್ನು ಬಹುಕಾಲ ತುಂಬಿದುವು ನಮ್ಮ ದೇಶದ ಕಪಿಗಳೇ. ೧೯೫೦ರ ದಶಕದ ಕಡೆಯಲ್ಲಿ, ಪೋಲಿಯೋ ಲಸಿಕೆಯ ಕಾಲದಲ್ಲಿ, ವರ್ಷಕ್ಕೆ ಲಕ್ಷಕ್ಕೂ ಮೀರಿ ರೀಸಸ್ ಕಪಿಗಳು ಹಿಂದೂಸ್ಥಾನದಿಂದ ಹೊರಹೋದುವು. ೧೯೫೫ರ ಆದಿಯಲ್ಲಿ ಲಂಡನ್ನಿನ ವಿಮಾನನಿಲ್ದಾಣದಲ್ಲಿ ಸುಮಾರು ನಾನೂರು ಕಪಿಗಳು ಉಸಿರುಗಟ್ಟಿ ಸತ್ತಾಗ ನಮ್ಮ ಸರ್ಕಾರವು ಸ್ವಲ್ಪಕಾಲ ರಫ್ತನ್ನು ತಡೆಯಿತು. ಶಾಶ್ವತವಾದ ನಿಷೇಧವು ಬಂದುದು ೧೯೭೮ರ ಏಪ್ರಿಲ್‌ನಲ್ಲಿ. ಇದಕ್ಕೆ ಬಹಳ ಮೊದಲು, ೧೯೩೮ರಲ್ಲಿ, ಕ್ಲಾರೆನ್ಸ್ ಕಾರ್ಪೆಂಟರ್ ಎಂಬ ವಿಜ್ಞಾನಿಯು ಇಲ್ಲಿಂದ ಹಡಗಿನಲ್ಲಿ ಕೊಂಡೊಯ್ದ ೪೦೯ ಕಪಿಗಳನ್ನು ಪೋರ್ಟೊ ರಿಕೊದ ಬಳಿಯ ಕಾಯೊ ಸ್ಯಾಂಟಿಯಾಗೊ ಎಂಬ ೩೮ ಎಕರೆಯ ದ್ವೀಪದಲ್ಲಿ ಬಿಟ್ಟನು. ಅವೂ ಅಪರಿಚಿತವೇ, ಮೊದಮೊದಲು ಅಲ್ಲಿಯೂ ಘೋರವಾದ ಕಾದಾಟಗಳು ನಡೆದು ಅನೇಕ ಕಪಿಗಳು ಸತ್ತುವು. ಆದರೆ ಎಕರೆಗೆ ಹನ್ನೊಂದರಂತೆ ಇದ್ದ ಅವುಗಳಿಗೆ ಒಬ್ಬರಿಂದೊಬ್ಬರು ದೂರ ಸರಿಯಲು ಮರಗಳೂ ದಿಣ್ಣೆಗಳೂ ದೊರೆತುವು. ಗುಂಪುಗಳು ತಾವಾಗಿಯೇ ಕೂಡಿಕೊಂಡುವು, ಮರಿಗಳು ಹುಟ್ಟಿ ಬದುಕಿದುವು; ಇಂದಿಗೂ ಅವುಗಳ ಸಂತತಿಯು ಅಲ್ಲಿದೆ. ಲಂಡನ್ನಿನ ಗುಡ್ಡದಲ್ಲಿ ಎಕರೆಯ ಲೆಕ್ಕಕ್ಕೆ ಏಳುನೂರು ಕಪಿಗಳಾಗುತ್ತಿದ್ದುವು. ಜಾತಿಭೇದವಿರುವುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಪೂರ್ಣವಾಗಿ ನ್ಯಾಯವಲ್ಲವಾದರೂ, ಈ ಎರಡು ಅಂಕಗಳ ಅಂತರವು ಅಲ್ಪವಾದುದಲ್ಲ.

ನಮ್ಮ ನಾಡಿನ ಮಾತಿಗೆ ಬರೋಣ. ಕಪಿಗಳನ್ನು ಹಿಡಿದು ಬೀದಿಯಲ್ಲಿ ಆಡಿಸುವುದು ೧೯೯೮ರ ಸರ್ಕಾರಿ ಪ್ರಕಟನೆಯಿಂದ ನಿಷಿದ್ಧವಾಗಿ, ೨೦೦೧ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮೃಗಾಲಯಗಳಲ್ಲಿ ಪಶ್ಚಿಮಘಟ್ಟದ ಸಿಂಗಳೀಕಗಳ ಮೇಲೆ ಅವಂತಿ ಮಲ್ಲಾಪುರ ಮೊದಲಾದವರು ನಡೆಸಿ ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನವು, ನೋಟಕರು ಇರುವಾಗ ಈ ಪ್ರಾಣಿಗಳ ಅಸಹಜ ವರ್ತನೆಯು ಹೆಚ್ಚುವುದೆಂದು ತೋರಿಸಿತು. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಪಂಜರದ ಮುಂದೆ ಕೂಗಾಡಿ ಕಡಲೆಕಾಯಿಯನ್ನೆಸೆಯುವ ಸದ್ಗೃಹಸ್ಥರು ಇದನ್ನು ತಿಳಿದಿರುವುದು ಮೇಲು. ಸಿಂಗಳೀಕವು ಮರದ ಮೇಲಣ ಪ್ರಾಣಿ. ಅದಕ್ಕೆ ಬೇಕಾದುದು ಹತ್ತಲು ಕೊಂಬೆ, ಮರೆಯಾಗಲು ಎಲೆ.

ಪುರಸಭೆಗಳ ವಿಷಯವು ಇದಕ್ಕಿಂತ ತುರ್ತಾದುದು. ನಮ್ಮ ಅನೇಕ ಪಟ್ಟಣಗಳಲ್ಲಿ ಕಪಿಗಳ ಉಪದ್ರವವೆಂದು ಜನರು ಮೊರೆಯಿಡುವರು, ಮೊರೆಯು ಸುಳ್ಳಲ್ಲ. ಹಿಡಿಯುವವನನ್ನು ಕರೆಸಿ, ತಲೆಗಿಷ್ಟೆಂದು ಹಣವನ್ನು ಗೊತ್ತುಮಾಡುವಲ್ಲಿ, ಅವನು ಪೇಟೆಯ ಕಪಿಯನ್ನೂ ದೇವಸ್ಥಾನದ ಕಪಿಯನ್ನೂ ಕೆರೆಯೇರಿಯ ಕಪಿಯನ್ನೂ ಒಂದೇ ಪಂಜರಕ್ಕೆ ತುರುಕಿ, ಸಂಖ್ಯೆಯು ತುಂಬುವವರೆಗೆ ಬಿಸಿಲಿನಲ್ಲಿ ನಿಲ್ಲಿಸುವುದು ಆಶ್ಚರ್ಯವಲ್ಲ. ಮೂರು ತಂಡಗಳ ಗಂಡುಗಳು, ಮರಿಯನ್ನವಚಿದ ತಾಯಿಗಳು, ನಾಲ್ಕು ಅಡಿಯ ಪಂಜರ: ಲಂಡನ್ನಿನ ಗುಡ್ಡಕ್ಕಿಂತ ಕಿರಿದಾದುದೊಂದನ್ನು ನಾವೇ ಕಟ್ಟಿದಂತಾಗುವುದು. ಒಂದು ತಂಡದವನ್ನು ಒಂದೇ ದಿನ ಹಿಡಿದು, ಬೇರೆ ಪಂಜರದಲ್ಲಿಟ್ಟು, ನೆರಳೂ ನೀರೂ ಕೊಟ್ಟು, ಅಂದೇ ಸಾಗಿಸಬೇಕೆಂಬ ಷರತ್ತನ್ನು ಗುತ್ತಿಗೆಯ ಕಾಗದದಲ್ಲಿ ಸೇರಿಸುವುದಕ್ಕೆ ಹೆಚ್ಚಿನ ಹಣವೇನೂ ಬೇಡ. ತಲೆಯ ಲೆಕ್ಕದ ಹಣವನ್ನು ನಿಲ್ಲಿಸಿ ತಂಡದ ಲೆಕ್ಕದಲ್ಲಿ ಕೊಟ್ಟರೆ ಅರ್ಧ ಕೆಲಸವು ತಾನಾಗಿ ಆಗುವುದು. ಮುಂದಿನ ಸಾಲಿನ ಗುತ್ತಿಗೆಗಳನ್ನು ಬರೆಯುವ ಮುಖ್ಯಾಧಿಕಾರಿಗಳು ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ.