ಟೈಲ್ಸ್ ಅಂಗಡಿಗೆ ಹೊರಡುವ ಮುನ್ನ

ಹಳೆಯ ಮನೆಗಳ ಬಚ್ಚಲು, ಅಡುಗೆಮನೆ ಒಡೆದು ಹೊಸದಾಗಿ ಮಾಡಿಸಿಕೊಡುವುದು ನನ್ನ ಕಸುಬು. ಮೈಸೂರಿನ ಸರಸ್ವತೀಪುರಂ, ಕುವೆಂಪುನಗರದ ಕಡೆ ಇಂಥ ಕೆಲಸಕ್ಕೆ ಬರವಿಲ್ಲ. ಕರೆಸಿದವರು ಮೊದಲು ತೋರಿಸುವುದು ಮೊಬೈಲಿನಲ್ಲಿ ಕೂಡಿಟ್ಟ ಟೈಲ್ಸ್ ಫೋಟೊಗಳನ್ನು. ಚೆನ್ನಾಗಿವೆ ಎಂದು ಒಪ್ಪಿಕೊಂಡು ನಾನು ಕೇಳುತ್ತೇನೆ: "ನಿಮ್ಮ ಮನೆಯ ಚೇಂಬರ್ ಎಲ್ಲಿದೆ?" ಗಂಡ ಹೆಂಡತಿಯ ಮುಖ ನೋಡುತ್ತಾರೆ, ಹೆಂಡತಿ ಅತ್ತೆಯ ಮುಖ ನೋಡುತ್ತಾರೆ. ಕೊನೆಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೋ, ಕರಿಬೇವಿನ ಗಿಡದ ಬುಡದಲ್ಲೋ, ಕೊಳಚೆ ಕೊಳವೆಗಳು ಕೂಡುವ ಆ ಗುಂಡಿಯ ಮುಚ್ಚಳ ಸಿಗುತ್ತದೆ. ಅದನ್ನು ಎತ್ತಿಸಿ, ಕೊಳವೆ ಎಷ್ಟು ಆಳದಲ್ಲಿದೆ ಎಂದು ಅಳೆದ ಮೇಲೆಯೇ ಉಳಿದ ಮಾತು.

ಕಾರಣ ಸರಳ. ಬಚ್ಚಲಿನಲ್ಲಿ ಯಾವುದು ಎಲ್ಲಿರಬೇಕು ಎಂದು ತೀರ್ಮಾನಿಸುವುದು ನಾವಲ್ಲ, ನೀರು. ಕಮೋಡನ್ನು ಎದುರು ಗೋಡೆಗೆ ಸರಿಸುವುದು ಕಾಗದದ ಮೇಲೆ ಸುಲಭ. ಆದರೆ ಅದರ ನಾಲ್ಕಿಂಚಿನ ಕೊಳವೆಗೆ ಮೀಟರಿಗೆ ಒಂದೆರಡು ಸೆಂಟಿಮೀಟರ್ ವಾಟ ಬೇಕು, ಆ ಕೊಳವೆ ಹುದುಗಲು ನೆಲದಡಿ ಜಾಗವೂ ಬೇಕು. ನೆಲಮಹಡಿಯಾದರೆ ಅಗೆಯಬಹುದು. ಮೇಲಿನ ಮಹಡಿಯಾದರೆ ಬಚ್ಚಲಿನ ಸ್ಲ್ಯಾಬು ಸುಮಾರು ಒಂದಡಿ ತಗ್ಗಿನಲ್ಲಿ ಹಾಕಿದೆಯೇ ಎಂದು ನೋಡಬೇಕು. ಹಳೆಯ ಮನೆಗಳಲ್ಲಿ ಎಷ್ಟೋ ಸಲ ಆ ತಗ್ಗು ಇರುವುದಿಲ್ಲ. ಆಗ ಬಚ್ಚಲಿನ ನೆಲವನ್ನೇ ಎತ್ತರಿಸಿ ಬಾಗಿಲಲ್ಲಿ ಮೆಟ್ಟಿಲು ಕಟ್ಟುತ್ತಾರೆ. ರಾತ್ರಿ ಎದ್ದು ಹೋಗುವ ವಯಸ್ಸಾದವರು ಎಡವುವುದು ಆ ಮೆಟ್ಟಿಲನ್ನೇ. ಹಾಗಾಗಿ ಕಮೋಡು ಇದ್ದಲ್ಲೇ ಇರಲಿ, ಬೇಸಿನ್ ಬೇಕಾದರೆ ಸರಿಸೋಣ ಎನ್ನುವುದು ಸಾಮಾನ್ಯವಾಗಿ ನನ್ನ ಸಲಹೆ.

ಕಮೋಡು ಕೊಳ್ಳುವಾಗಲೂ ಬಣ್ಣಕ್ಕಿಂತ ಮೊದಲು ಅಳತೆ. ಕೊಳಕು ಗೋಡೆಯ ಕಡೆಗೆ ಹೋಗುವುದು ಪಿ ಟ್ರ್ಯಾಪ್, ನೆಲದೊಳಗೆ ಇಳಿಯುವುದು ಎಸ್ ಟ್ರ್ಯಾಪ್. ಎಸ್ ಟ್ರ್ಯಾಪ್ ಆದರೆ ಗೋಡೆಯಿಂದ ತೂತಿನ ನಡುಮಧ್ಯಕ್ಕೆ ಎಷ್ಟು ಅಂತರ ಎಂದು ಬರೆದುಕೊಂಡು ಹೋಗಿ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಒಂಬತ್ತಿಂಚು, ಹನ್ನೆರಡು ಇಂಚಿನವು. ಹಳೆಯ ಟೈಲ್ಸಿನ ಮೇಲೆಯೇ ಹೊಸದು ಅಂಟಿಸುವ ಯೋಚನೆಯಿದ್ದರೆ ಅದರ ದಪ್ಪವನ್ನೂ ಈ ಅಂತರದಲ್ಲಿ ಕಳೆಯಬೇಕು. ಅರ್ಧ ಇಂಚು ತಪ್ಪಿದರೂ ಹೊಸ ಕಮೋಡು ಗೋಡೆಗೆ ತಾಗಿ ಕೂರುವುದಿಲ್ಲ.

ನಮ್ಮ ಅಜ್ಜಿಯರ ಬಚ್ಚಲಿನಲ್ಲಿ ಈ ತಾಪತ್ರಯ ಇರಲಿಲ್ಲ. ಹಂಡೆ, ಒಲೆ, ಕಲ್ಲು ಚಪ್ಪಡಿ. ಮೈಮೇಲೆ ಸುರಿದ ನೀರು ಗೋಡೆಯ ಕಿಂಡಿಯಿಂದ ನೇರ ತೆಂಗಿನ ಬುಡಕ್ಕೆ. ಬಚ್ಚಲು ಮನೆಯೊಳಗೆ ಬಂದು, ಮಹಡಿ ಏರಿ, ಮಲಗುವ ಕೋಣೆಗೆ ಅಂಟಿಕೊಂಡ ಮೇಲೆ ಒಸರುವ ನೀರು ಇನ್ನೊಬ್ಬರ ಚಾವಣಿ ಹುಡುಕತೊಡಗಿತು. ಇದನ್ನು ಟೈಲ್ಸ್ ತಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಟೈಲ್ಸ್ ತಡೆದರೂ ಅದರ ಸಂದು ತಡೆಯುವುದಿಲ್ಲ. ನೀರು ನಿಲ್ಲಬೇಕಾದದ್ದು ಅದರ ಕೆಳಗಿನ ವಾಟರ್‌ಪ್ರೂಫಿಂಗ್ ಪದರದಲ್ಲಿ. ನೆಲಕ್ಕೆ ಬಳಿದದ್ದನ್ನು ಗೋಡೆಯ ಮೇಲೂ ಒಂದಡಿಯಾದರೂ ಏರಿಸಬೇಕು. ಶವರ್ ಇರುವ ಕಡೆ ತಲೆಯ ಎತ್ತರಕ್ಕೆ. ನೆಲ ಗೋಡೆ ಕೂಡುವ ಮೂಲೆ, ಕೊಳವೆ ಹೊರಬರುವ ಬಾಯಿ, ಈ ಎರಡು ಕಡೆಯೇ ಸೋರಿಕೆ ಶುರುವಾಗುವುದು. ಮೂಲೆಯನ್ನು ಸಿಮೆಂಟಿನಿಂದ ಗುಂಡಗೆ ಮಾಡಿಸಿಯೇ ಬಳಿಸಿ.

ಆಮೇಲೆ ಪರೀಕ್ಷೆ. ನೀರು ಹೋಗುವ ಬಾಯಿ ಮುಚ್ಚಿ, ಎರಡಿಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಡುವುದು. ಕೆಳಗಿನ ಚಾವಣಿಯಲ್ಲಿ ತೇವ ಕಾಣಿಸಿದರೆ ಮತ್ತೆ ಬಳಿಯಬೇಕು. "ಅದೆಲ್ಲ ಏನ್ ಬೇಡ ಮೇಡಂ, ಇಷ್ಟ್ ವರ್ಷದಿಂದ ಮಾಡ್ತಾ ಇದೀನಿ" ಎನ್ನುವ ಮೇಸ್ತ್ರಿ ಪ್ರತಿ ಕೆಲಸದಲ್ಲೂ ಒಬ್ಬರಿರುತ್ತಾರೆ. ಅವರ ಅನುಭವದ ಮೇಲೆ ನನಗೆ ಗೌರವ ಇದೆ. ನೀರು ಮಾತ್ರ ನಿಲ್ಲಿಸಿಯೇ ನಿಲ್ಲಿಸುತ್ತೇನೆ.

ಇನ್ನು ಟೈಲ್ಸ್. ನೆಲಕ್ಕೆ ಎರಡಡಿ ಎರಡಡಿಯ ಟೈಲ್ಸ್ ಈಗ ಎಲ್ಲರಿಗೂ ಬೇಕು. ಬಚ್ಚಲಿನ ನೆಲ ನಾಲ್ಕೂ ಕಡೆಯಿಂದ ನೀರು ಹೋಗುವ ಬಾಯಿಯ, ಅಂದರೆ ನಹಾನಿ ಟ್ರ್ಯಾಪಿನ ಕಡೆಗೆ ಇಳಿಯಬೇಕಲ್ಲ, ಅಷ್ಟು ದೊಡ್ಡ ಹಲಗೆ ಹಾಗೆ ಬಾಗುವುದಿಲ್ಲ. ಒಂದೋ ಕತ್ತರಿಸಬೇಕು, ಇಲ್ಲವೇ ವಾಟ ಬಿಡಬೇಕು. ಕೆಲಸದವರು ಬಿಡುವುದು ವಾಟವನ್ನೇ. ಒಂದಡಿಯ ಟೈಲ್ಸ್ ತೆಗೆದುಕೊಳ್ಳಿ. ದೊಡ್ಡದೇ ಬೇಕೆಂಬ ಹಟವಿದ್ದರೆ ಗೋಡೆಯುದ್ದಕ್ಕೂ ಉದ್ದನೆಯ ಜಾಲರಿ ಕೂರಿಸಿ ಒಂದೇ ಕಡೆಗೆ ಇಳಿಜಾರು ಕೊಡಿ. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ ಆರ್ 10, ಆರ್ 11 ಎಂದಿದೆಯೇ ನೋಡಿ. ಅದು ಜಾರದಿರುವ ಗುಣದ ದರ್ಜೆ, 11 ಹೆಚ್ಚು ಒರಟು. ಒಂದು ಟೈಲ್ಸನ್ನು ನೆಲಕ್ಕಿಡಿಸಿ, ಸೋಪು ನೀರು ಸುರಿಸಿ, ಚಪ್ಪಲಿ ಬಿಟ್ಟು ಪಾದ ಉಜ್ಜಿ ನೋಡಿದರೆ ಇನ್ನೂ ಒಳ್ಳೆಯದು. ಅಂಗಡಿಯವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಅಂದಹಾಗೆ, ಬಳಸದೆ ಬಿಟ್ಟ ಬಚ್ಚಲು ನಾರುತ್ತದೆ ಎಂದು ಇಡೀ ನೆಲ ಒಡೆಸಲು ಹೊರಟವರನ್ನು ನಾನು ತಡೆದದ್ದುಂಟು. ನಹಾನಿ ಟ್ರ್ಯಾಪಿನೊಳಗೆ ಸುಮಾರು 50 ಮಿಲಿಮೀಟರ್ ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿಯನ್ನು ತಡೆಯುವುದು ಅದೇ. ಬಳಕೆಯಿಲ್ಲದಿದ್ದರೆ ಆ ನೀರು ಆರಿಹೋಗುತ್ತದೆ. ವಾರಕ್ಕೊಂದು ಚೊಂಬು ನೀರು ಸುರಿದರೆ ನಾತ ನಿಲ್ಲುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಇನ್ನಷ್ಟು ವಿಷಯ ಮೊದಲೇ ತೀರ್ಮಾನವಾಗಬೇಕು. ಬಾಗಿಲು ಹೊರಕ್ಕೆ ತೆರೆಯಲಿ, ಚಿಲಕ ಹೊರಗಿನಿಂದಲೂ ಬಿಚ್ಚುವಂತಿರಲಿ: ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಹಿಡಿಕಂಬಿ ಟೈಲ್ಸಿನ ಮೇಲೆ ನಿಲ್ಲುವುದಲ್ಲ, ಅದರ ಹಿಂದಿನ ಗೋಡೆಯಲ್ಲಿ ನಿಲ್ಲುವುದು. ಟೊಳ್ಳು ಬ್ಲಾಕಿನ ಗೋಡೆಯಾದರೆ ಕಂಬಿ ಬರುವ ಜಾಗವನ್ನು ಕಾಂಕ್ರೀಟಿನಿಂದ ಮೊದಲೇ ತುಂಬಿಸಿ. ಗೀಸರ್ ಎರಡು ಸಾವಿರ ವ್ಯಾಟಿನದಾದರೆ ಅದಕ್ಕೇ ಪ್ರತ್ಯೇಕ ತಂತಿ, 16 ಆಂಪಿಯರ್ ಸಾಕೆಟ್ ಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಎಂಬ ಸಾಧನವನ್ನು ಬೋರ್ಡಿನಲ್ಲಿ ಹಾಕಿಸಿ. ಬಂಗಾರದ ಬಣ್ಣದ ನಲ್ಲಿಗಿಂತ ಮೊದಲು ಹಣ ಹೋಗಬೇಕಾದದ್ದು ಇದಕ್ಕೆ.

ಅಡುಗೆಮನೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಅಳೆಯಬೇಕಾದದ್ದು ಅಡುಗೆ ಮಾಡುವವರನ್ನು. ನಿವೃತ್ತ ದಂಪತಿಯ ಮನೆಯೊಂದರಲ್ಲಿ ಯಜಮಾನರು, "ಕಟ್ಟೆ ಮೂವತ್ತನಾಲ್ಕು ಇಂಚು ಸ್ಟ್ಯಾಂಡರ್ಡು" ಎಂದು ಎಲ್ಲೋ ಓದಿ ಹೇಳಿದರು. ಅವರ ಮನೆಯಾಕೆ ಐದಡಿಯೂ ಇಲ್ಲ. "ಸರ್, ಅಡುಗೆ ಯಾರು ಮಾಡ್ತಾರೆ?" ಎಂದೆ. ಒಳಗಿನಿಂದ ನಗು ಕೇಳಿಸಿತು. ಆಕೆಯನ್ನು ನಿಲ್ಲಿಸಿ, ಮೊಣಕೈ ಮಡಿಸಿಸಿ, ಅಲ್ಲಿಂದ ನಾಲ್ಕೈದು ಇಂಚು ಕೆಳಗೆ ಗೋಡೆಗೆ ಗೆರೆ ಹಾಕಿದೆವು; ಕಟ್ಟೆ ಬಂದದ್ದು ಮೂವತ್ತೊಂದು ಇಂಚಿಗೆ. ಕಟ್ಟೆಯ ಮೇಲಿಡುವ ಸ್ಟೌ ಆದರೆ ಅದರ ಎತ್ತರವೂ ಸೇರುತ್ತದೆ, ಅದರ ಮೇಲೆ ಸಾರಿನ ಪಾತ್ರೆ. ಕುದಿಯುವ ಪಾತ್ರೆಯೊಳಗೆ ಇಣುಕಲು ತುದಿಗಾಲಲ್ಲಿ ನಿಲ್ಲಬೇಕಾದರೆ ಅದು ಅಪಾಯದ ಕಟ್ಟೆ.

ನಕ್ಷೆ ಬರೆಯುವ ಮುನ್ನ ಸಾಮಾನನ್ನೆಲ್ಲ ಹಾಲಿನ ನೆಲದ ಮೇಲೆ ಹರಡಿಸುತ್ತೇನೆ. ಗ್ರೈಂಡರ್, ಮಿಕ್ಸಿ, ಮೂರು ಕುಕ್ಕರ್, ಅಕ್ಕಿ ಮೂಟೆ, ನೀರಿನ ಫಿಲ್ಟರ್, ವರ್ಷಕ್ಕೊಮ್ಮೆ ಇಳಿಯುವ ಚಕ್ಕುಲಿ ಒರಳು. ದಿನಕ್ಕೆ ಬೇಕಾದದ್ದು ಸೊಂಟದಿಂದ ಭುಜದ ನಡುವೆ, ಹಬ್ಬದ ಪಾತ್ರೆ ಅಟ್ಟಕ್ಕೆ. ಗ್ರೈಂಡರನ್ನು ಎತ್ತಿ ಇಳಿಸುವಂತಿರಬಾರದು. ಅದಕ್ಕೊಂದು ಖಾಯಂ ಜಾಗ, ಪಕ್ಕದಲ್ಲೇ ಸಾಕೆಟ್.

ಹಳೆಯ ಮನೆಯ ಕಡಪಾ ಕಲ್ಲಿನ ಹಲಗೆಗಳನ್ನು ಕಿತ್ತು ಪ್ಲೈವುಡ್ ಪೆಟ್ಟಿಗೆ ಕೂರಿಸುವುದು ನನಗೆ ಒಗ್ಗದ ಕೆಲಸ. ಕಲ್ಲಿಗೆ ಗೆದ್ದಲಿಲ್ಲ, ನೀರಿನ ಭಯವಿಲ್ಲ. ಹೊಸ ಬಾಗಿಲು ಹೊದಿಸಿದರೆ ಸಾಕು. ಪ್ಲೈವುಡ್ಡೇ ಬೇಕೆಂದರೆ ಸಿಂಕಿನ ಕೆಳಗಾದರೂ ಐಎಸ್ 710 ಮುದ್ರೆಯದನ್ನು ಕೇಳಿ. ಅದನ್ನು 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದೆಂಬುದು ಪರೀಕ್ಷೆಯ ನಿಯಮ. "ವಾಟರ್‌ಪ್ರೂಫೇ ಮೇಡಂ" ಎಂಬ ಬಾಯಿಮಾತಿಗೆ ಅಂಥ ಪರೀಕ್ಷೆ ಯಾವುದೂ ಇಲ್ಲ. ಕಟ್ಟೆಗೆ ಗ್ರಾನೈಟ್ ಸಾಕು. ಚಾಮರಾಜನಗರದ ಕರಿಕಲ್ಲು ನಮ್ಮ ಪಕ್ಕದಲ್ಲೇ ಸಿಗುತ್ತದೆ. ಅಮೃತಶಿಲೆ ಬೇಡ. ಅದು ಸುಣ್ಣದ ಜಾತಿಯ ಕಲ್ಲು, ಹುಣಸೆ, ನಿಂಬೆಯ ಹುಳಿ ಬಿದ್ದಲ್ಲಿ ಹೊಳಪು ಕಳೆದುಕೊಳ್ಳುತ್ತದೆ.

ಗಾಳಿಗೂ ಸ್ವಲ್ಪ ಗಮನ ಕೊಡಿ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಸಿಲಿಂಡರ್ ಇಡುವ ಗೂಡಿಗೆ ಕೆಳಗಡೆ ಕಿಂಡಿ ಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಕಿಂಡಿ ಮೇಲಿರಬೇಕು. ಚಿಮಣಿಯ ಕೊಳವೆ ಹೆಚ್ಚು ತಿರುವಿದಷ್ಟೂ ಒಗ್ಗರಣೆಯ ಹೊಗೆ ಎಳೆಯುವ ಶಕ್ತಿ ಕುಗ್ಗುತ್ತದೆ. ನೇರ ದಾರಿ ಬೇಕೆಂದು ತೊಲೆ ಕೊರೆಯಲು ಮಾತ್ರ ಯಾರಿಗೂ ಬಿಡಬೇಡಿ.

ಫ್ಲ್ಯಾಟಿನಲ್ಲಿರುವವರು ಸಂಘದ ಒಪ್ಪಿಗೆ ಪಡೆದು, ಕೆಳಮನೆಯವರಿಗೂ ತಿಳಿಸಿ. ಹೊಸ ಕಟ್ಟಡಗಳಲ್ಲಿ ಗೋಡೆಯೇ ಕಾಂಕ್ರೀಟಿನದಾಗಿರಬಹುದು. ಕೊಳವೆಗೆಂದು ಅದನ್ನು ಕೊರೆಯುವ ಮುನ್ನ ಎಂಜಿನಿಯರನ್ನು ಕೇಳಲೇಬೇಕು. ಟೈಲ್ಸ್ ಕೊಳ್ಳುವಾಗ ಒಂದೇ ಬ್ಯಾಚಿನದು ನೋಡಿ, ನೂರಕ್ಕೆ ಹತ್ತರಷ್ಟು ಹೆಚ್ಚು ತಂದು, ಉಳಿದದ್ದನ್ನು ಅಟ್ಟದಲ್ಲಿಡಿ.

ಕೊನೆಯದಾಗಿ ಒಂದು ಕೋರಿಕೆ. ಕೊಳವೆ, ತಂತಿ ಎಲ್ಲ ಹಾಕಿ ಮುಗಿದು, ಗಾರೆ ಮುಚ್ಚುವ ಮುನ್ನ, ಪ್ರತಿ ಗೋಡೆಗೂ ಅಳತೆಯ ಟೇಪು ಹಿಡಿಸಿ ಫೋಟೊ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಮಾತ್ರ ಇಡಬೇಡಿ. ಪ್ರಿಂಟ್ ಹಾಕಿಸಿ ಮನೆಪತ್ರದ ಫೈಲಿನಲ್ಲಿ ಸೇರಿಸಿ. ಮುಂದೆ ಕನ್ನಡಿ ತೂಗುಹಾಕಲು ಡ್ರಿಲ್ ಹಿಡಿದು ಬರುವವರಿಗೆ ಮೊದಲು ಅದನ್ನು ತೋರಿಸಿ.