ಮಗುವಿನ ಚಿತ್ರ, ಮನದ ಮಾತು

ಕಾಯಿಲೆ ಬಿದ್ದ ಮಗುವಿನ ಹಾಸಿಗೆಯ ಬಳಿ ಹಿರಿಯರು ಪಿಸುಮಾತನಾಡುವುದು ಲೋಕರೂಢಿ. ರೋಗದ ಹೆಸರನ್ನು ಅದರ ಕಿವಿಗೆ ಬೀಳಗೊಡುವುದಿಲ್ಲ. ವೈದ್ಯರೊಡನೆ ಮಾತು ನಡೆಯುವುದು ಬಾಗಿಲಿನ ಹೊರಗೆ. ತಾಯಿ ಕಣ್ಣೊರೆಸಿಕೊಂಡು, ನಗುಮುಖ ತಂದುಕೊಂಡು ಒಳಗೆ ಬರುತ್ತಾಳೆ. ಏನೂ ಅರಿಯದ ಕೂಸಿಗೆ ಭಯವೇಕೆ ಎಂಬ ಮಮತೆಯೇ ಇದಕ್ಕೆಲ್ಲ ಕಾರಣ. ಆದರೆ ಕೂಸು ನಿಜವಾಗಿಯೂ ಏನನ್ನೂ ಅರಿಯದೆ?

ಅಮೆರಿಕದಲ್ಲಿ ದಾದಿಯರ ವೃತ್ತಿಯಿಂದ ಸಂಶೋಧನೆಗೆ ಬಂದ ಯೂಜೀನಿಯಾ ವೇಕ್ಟರ್ ಎಂಬಾಕೆ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. 6ರಿಂದ 10 ವರ್ಷದ 64 ಮಕ್ಕಳಿಗೆ ಚಿತ್ರಗಳನ್ನು ತೋರಿಸಿ ಕಥೆ ಕಟ್ಟಿ ಹೇಳುವಂತೆ ಕೇಳಿದರು. ಅವರಲ್ಲಿ 16 ಮಂದಿ ಮಾರಕ ವ್ಯಾಧಿಗೆ ತುತ್ತಾದವರು. ಉಳಿದವರಲ್ಲಿ ಬೇರೆ ರೋಗಿಗಳೂ ಇದ್ದರು, ಆರೋಗ್ಯವಂತರೂ ಇದ್ದರು. ಆ 16 ಮಕ್ಕಳಲ್ಲಿ ತಮ್ಮ ಸ್ಥಿತಿಯ ನಿಜವನ್ನು ಹಿರಿಯರಿಂದ ಕೇಳಿದ್ದವರು ಇಬ್ಬರೇ. ಆದರೂ ಮಿಕ್ಕವರಿಗಿಂತ ಅವರ ಕಳವಳ ಬಹುಪಾಲು ಹೆಚ್ಚಾಗಿತ್ತು. ಅವರ ಕಥೆಗಳಲ್ಲಿ ಸಾವಿನ ನೆರಳು ಸುಳಿದಿತ್ತು. 1971ರಲ್ಲಿ ಪ್ರಕಟವಾದ ಈ ಅಧ್ಯಯನ, ಮುಚ್ಚಿಟ್ಟ ಮಾತು ಮಗುವನ್ನು ಕಾಯುವುದಿಲ್ಲವೆಂಬುದನ್ನು ತೋರಿಸಿಕೊಟ್ಟಿತು.

ಹಾಗಾದರೆ ಮಗು ಬಾಯಿಬಿಟ್ಟು ಕೇಳುವುದಿಲ್ಲವೇಕೆ? ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ 1978ರಲ್ಲಿ ಹೊರತಂದ ಗ್ರಂಥದಲ್ಲಿ ಇದಕ್ಕೆ ಉತ್ತರವುಂಟು. ರಕ್ತದ ಕ್ಯಾನ್ಸರಿಗೆ ತುತ್ತಾದ ಎಳೆಯರ ನಡುವೆ ಇದ್ದು ಆಕೆ ಕಂಡುಕೊಂಡ ಸಂಗತಿ ಕರುಳು ಕಲಕುವಂಥದು. ತಮಗೆ ತಿಳಿದಿದೆಯೆಂಬುದು ತಂದೆತಾಯಿಗಳಿಗೆ ತಿಳಿದರೆ ಅವರು ನೊಂದಾರು ಎಂದು ಆ ಮಕ್ಕಳು ಏನೂ ತಿಳಿಯದವರಂತೆ ನಟಿಸುತ್ತಿದ್ದರು. ಹಿರಿಯರು ಕಿರಿಯರಿಗಾಗಿ, ಕಿರಿಯರು ಹಿರಿಯರಿಗಾಗಿ ಮೌನ ತಾಳಿದ ಮನೆಯಲ್ಲಿ ಮಗುವಿನ ಭಯಕ್ಕೆ ಜೊತೆಯೇ ಇಲ್ಲ.

ಇಂಥ ಎಡೆಯಲ್ಲಿ ಒಂದು ಹಾಳೆ, ನಾಲ್ಕು ಬಣ್ಣದ ಪೆನ್ಸಿಲು ಮಹದುಪಕಾರ ಮಾಡಬಲ್ಲವು. ನೋವನ್ನು ಬಣ್ಣಿಸಲು ಎಳೆಯ ನಾಲಗೆಗೆ ಮಾತು ಸಾಲದು. ಕೈಗೆ ಆ ತೊಡಕಿಲ್ಲ. ಮಕ್ಕಳ ನರರೋಗತಜ್ಞ ಕಾರ್ಲ್ ಸ್ಟಾಫ್‌ಸ್ಟ್ರಾಮ್ ಮತ್ತು ಅವರ ಸಂಗಡಿಗರು ತಲೆನೋವಿನಿಂದ ಬಳಲುತ್ತಿದ್ದ 226 ಮಕ್ಕಳಿಗೆ, ನೋವು ಬಂದಾಗ ತಾವು ಹೇಗಿರುತ್ತೇವೆಂಬುದನ್ನು ಬರೆದು ತೋರಿಸಲು ಹೇಳಿದರು. ತಲೆಗೆ ಬಡಿಯುವ ಸುತ್ತಿಗೆ, ಕಣ್ಣೆದುರು ಕುಣಿಯುವ ಚುಕ್ಕೆಗಳು, ಕತ್ತಲೆ ಕೋಣೆಯ ಹಾಸಿಗೆ ಎಲ್ಲವೂ ಹಾಳೆಯ ಮೇಲೆ ಮೂಡಿದವು. ಮಕ್ಕಳ ರೋಗವೃತ್ತಾಂತವನ್ನು ಅರಿಯದ ವೈದ್ಯರು ಆ ಚಿತ್ರಗಳನ್ನಷ್ಟೆ ನೋಡಿ, ಅರೆತಲೆನೋವಿನ ಮಕ್ಕಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಮಂದಿಯನ್ನು ಸರಿಯಾಗಿ ಗುರುತಿಸಿದರು. ಈ ವರದಿ ಪ್ರಕಟವಾದುದು 2002ರಲ್ಲಿ.

ಆದರೆ ಇಲ್ಲಿ ಎಚ್ಚರವೂ ಬೇಕು. ಸೂಸನ್ ಬಾಕ್ ಎಂಬ ವಿದುಷಿ ಸ್ವಿಟ್ಸರ್ಲೆಂಡಿನ ಜ್ಯೂರಿಚ್ ನಗರದಲ್ಲಿ ಕಡುರೋಗಿಗಳಾದ ಮಕ್ಕಳ ಚಿತ್ರಗಳನ್ನು ಬಹುಕಾಲ ಪರಿಶೀಲಿಸಿ, ರೋಗದ ಗತಿಯೂ ಅವುಗಳಲ್ಲಿ ಕಾಣುತ್ತದೆಂದು 1990ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಅವರ ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ಬಣ್ಣ ನೋಡಿ ಭವಿಷ್ಯ ನುಡಿಯಲು ಗಟ್ಟಿಯಾದ ಆಧಾರ ಸಾಲದು. ಮಗು ಸೂರ್ಯನಿಗೆ ಕಪ್ಪು ಬಳಿದರೆ ಅದು ಶೋಕದ ಗುರುತಾಗಿರಬಹುದು. ಪೆಟ್ಟಿಗೆಯಲ್ಲಿ ಹಳದಿ ಪೆನ್ಸಿಲು ಮುಗಿದಿದ್ದರೂ ಇರಬಹುದು!

ಆದುದರಿಂದ ಚಿತ್ರದ ಅರ್ಥವನ್ನು ಹೇಳಬೇಕಾದವರು ಅದನ್ನು ಬರೆದವರೇ. “ಇದರ ಕಥೆ ಹೇಳ್ತೀಯಾ, ಪುಟ್ಟಾ?” ಎಂದು ಕೇಳಿ ಹಿರಿಯರು ಸುಮ್ಮನೆ ಕುಳಿತರೆ ಸಾಕು. ಸೂಜಿಯನ್ನು ತನಗಿಂತ ದೊಡ್ಡದಾಗಿ ಬರೆದ ಮಗು ತಾನು ಅಂಜುವುದು ರೋಗಕ್ಕಲ್ಲ, ಸೂಜಿಗೆ ಎನ್ನಬಹುದು. ತಾನು ಮಾಡಿದ ಯಾವುದೋ ತಪ್ಪಿಗೆ ಶಿಕ್ಷೆಯಾಗಿ ಕಾಯಿಲೆ ಬಂದಿತೆಂದು ಎಳೆಯ ಮಕ್ಕಳು ನಂಬುವುದುಂಟು. ಆ ಮಾತೂ ಹೊರಬೀಳಬಹುದು. “ಇಲ್ಲ ಕಂದ, ನಿನ್ನ ತಪ್ಪೇನೂ ಇಲ್ಲ” ಎಂಬ ತಾಯಿಯ ಒಂದು ನುಡಿ ಆಗ ಔಷಧಿ ಮಾಡಲಾರದ ಕೆಲಸವನ್ನು ಮಾಡುತ್ತದೆ.

ಚಿತ್ರ ಚೆನ್ನಾಗಿದೆಯೆ ಎಂಬುದು ಇಲ್ಲಿ ಅಪ್ರಸ್ತುತ, ತಿದ್ದುವುದಂತೂ ಸಲ್ಲದು. ಬರೆಯಲು ಒಲ್ಲದ ಮಗುವನ್ನು ಬಲವಂತಪಡಿಸಲೂಬಾರದು. ಹಾಳೆಯ ನೆವದಲ್ಲಿ ಮಗು ಪ್ರಶ್ನೆ ಕೇಳಿದರೆ, ಅದರ ವಯಸ್ಸಿಗೆ ನಿಲುಕುವಷ್ಟು ನಿಜವನ್ನು ಮೆಲ್ಲನೆ ಹೇಳುವ ಧೈರ್ಯ ಹಿರಿಯರಲ್ಲಿರಬೇಕು. ರೋಗ ವಾಸಿಯಾಗುವುದು ವೈದ್ಯರಿಗೂ ದೈವಕ್ಕೂ ಬಿಟ್ಟದ್ದು. ಆದರೆ ಅಂಜಿದ ಮಗು ಒಬ್ಬಂಟಿಯಾಗದಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿಯೇ ಇದೆ.